ನಾಯಿಯ ನಟನೆ

ಮಾವನಿಗೆ ಸಿನಿಮಾ ಹುಚ್ಚು ಎಂದರೆ ಹುಚ್ಚಿಗೇ ಅವಮಾನ. ವಾರವಿಡೀ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ಉಕ್ಕಿನ ತೊಲೆ ಎತ್ತಿ ಇಳಿಸುವ ಮನುಷ್ಯ, ರಜೆ ಬಂತೆಂದರೆ ಟಾಕೀಸಿನ ಬಾಗಿಲಲ್ಲಿ ಹಾಜರ್. ದೆವ್ವದ್ದಿರಲಿ, ಯುದ್ಧದ್ದಿರಲಿ, ಮಕ್ಕಳ ಗೊಂಬೆ ಸಿನಿಮಾ ಇರಲಿ, ಭೇದಭಾವ ಇಲ್ಲ. ಮನೆಗೆ ಬಂದವರೇ ನೆಂಟರ ವಾಟ್ಸಾಪ್ ಗುಂಪಿಗೆ ಎರಡು ಸಾಲಿನ ಅಭಿಪ್ರಾಯ ಹಾಕಬೇಕು. ಅದು ಹೋಗುವ ತನಕ ತಟ್ಟೆಯ ಮುಂದೆ ಕೂರುವುದಿಲ್ಲ.

ಆ ಸಾಲುಗಳಿಗೆ ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವಳು ಸೊಸೆ. ಅವಳು ಹೊಲಿಗೆಯವಳು. ಬೀದಿಯ ತುದಿಯ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜು ಅವಳದು. ಮಾವನ ಕಣ್ಣು ಸದಾ ಬಟ್ಟೆಯ ಮೇಲೆಯೇ ಬೀಳುತ್ತಿದ್ದುದರಿಂದ ಅವರಿಬ್ಬರದೂ ಒಳ್ಳೆಯ ಜೋಡಿ. ‘ಯುದ್ಧದ ಸಿನಿಮಾ. ಸಿಪಾಯಿ ವಾರಗಟ್ಟಲೆ ಕೆಸರಲ್ಲಿ ಹೊರಳಿದ್ರೂ ಕಾಲರ್ ಇಸ್ತ್ರಿ ಕೆಟ್ಟಿಲ್ಲ. ಅಂಥ ಇಸ್ತ್ರಿಯವನು ಸಿಕ್ಕಿದ್ರೆ ನಾನೂ ಯುದ್ಧಕ್ಕೆ ಹೋಗ್ತೀನಿ.’ ‘ದೆವ್ವದ ಸಿನಿಮಾ. ದೆವ್ವಕ್ಕಿಂತ ನಾಯಕನ ವಿಗ್ಗಿಗೇ ಹೆದರಿದೆ.’ ‘ಪ್ರೇಮಕಥೆ. ಜಗಳ ಆದಾಗ ಅವಳ ಅಂಗಿಗೆ ಐದು ಗುಂಡಿ, ರಾಜಿ ಆದಾಗ ನಾಲ್ಕು. ಒಂದು ಗುಂಡಿ ಹೋದ್ರೂ ಸಂಸಾರ ಉಳೀತಲ್ಲ, ಸಂತೋಷ.’

ಒಂದು ಮಧ್ಯಾಹ್ನ ಅಂಗಡಿಯ ಗೆಳತಿಗೆ ಆ ಗುಂಡಿಯ ಮಾತನ್ನು ತೋರಿಸಲೆಂದು ಸೊಸೆ ಫೋನಿನಲ್ಲಿ ಹಿಂದಕ್ಕೆ ಹೋದಳು. ಬೇಗ ಸಿಗುತ್ತದೆ ಎಂದುಕೊಂಡಿದ್ದಳು, ಸಿಗಲಿಲ್ಲ. ಇತ್ತೀಚಿನ ಎಷ್ಟೋ ತಿಂಗಳ ಸಾಲುಗಳಲ್ಲಿ ಬಟ್ಟೆಯ ಮಾತೇ ಇಲ್ಲ. ಬಣ್ಣದ ಮಾತೂ ಇಲ್ಲ. ‘ಕಳ್ಳರ ಸಿನಿಮಾ. ಹೆಜ್ಜೆ ಸಪ್ಪಳ ಚೆನ್ನಾಗಿದೆ. ಕಳ್ಳನಿಗೆ ಶೀತ ಆಗಿದೆ, ಪೊಲೀಸಿಗೆ ಮಾತ್ರ ಕೇಳಿಸಿಲ್ಲ.’ ‘ಗೊಂಬೆ ಸಿನಿಮಾ. ಇಲಿಗೂ ಆನೆಗೂ ಒಬ್ಬನೇ ದನಿ ಕೊಟ್ಟಿದ್ದಾನೆ. ಕೂಲಿ ಉಳಿಸಿದ್ದಾರೆ.’ ‘ಕೋರ್ಟಿನ ಸಿನಿಮಾ. ವಕೀಲ ಚೆನ್ನಾಗಿ ಕಿರುಚ್ತಾನೆ, ನ್ಯಾಯ ಸಿಗೋದು ಸುತ್ತಿಗೆ ಸದ್ದಿಗೆ.’ ಓದಿ ನಕ್ಕ ಸಾಲುಗಳೇ. ಎಲ್ಲವನ್ನೂ ಅವಳೇ ಟೈಪ್ ಮಾಡಿದ್ದಳು, ಏಕೆಂದರೆ ಇತ್ತೀಚೆಗೆ ಮಾವ, “ನೀನೇ ಒತ್ತಮ್ಮ, ನನ್ನ ಬೆರಳು ದಪ್ಪ” ಎನ್ನುತ್ತಿದ್ದರು. ಅಷ್ಟೂ ಸಾಲುಗಳಲ್ಲಿ ಕಿವಿಯ ಕೆಲಸವಿತ್ತೇ ಹೊರತು ಕಣ್ಣಿನ ಕೆಲಸ ಒಂದೂ ಇರಲಿಲ್ಲ.

ಲೋಟಕ್ಕೆ ನೀರು ಬಗ್ಗಿಸುವಾಗ ಮಾವ ಬೆರಳನ್ನು ಒಳಗೆ ಇಟ್ಟುಕೊಳ್ಳುವುದು ನೆನಪಾಯಿತು. ಮಾತಾಡುವಾಗ ಮುಖವನ್ನು ಓರೆ ಮಾಡುವುದೂ ನೆನಪಾಯಿತು. ವಯಸ್ಸಾಯಿತು, ಗತ್ತು ಬಂತು ಎಂದು ಗಂಡಹೆಂಡತಿ ತಮಾಷೆ ಮಾಡಿದ್ದರು.

ಮನೆಯಲ್ಲಿ ಕೂತ ಮುದುಕನಿಗೆ ಕಣ್ಣು ಮಂಜಾದರೆ ಅದು ಅವನೊಬ್ಬನ ಕಷ್ಟ. ಮಾವ ಎತ್ತುತ್ತಿದ್ದುದು ಮನುಷ್ಯನನ್ನು ಚಪ್ಪಟೆ ಮಾಡಬಲ್ಲ ತೊಲೆಗಳನ್ನು. ಆ ಕ್ರೇನಿನ ಕೊಕ್ಕೆಗೆ ಭಾರ ಕಟ್ಟಿ, ವಾಕಿಟಾಕಿಯಲ್ಲಿ ‘ಎಡಕ್ಕೆ, ನಿಧಾನ, ಇಳಿಸು’ ಎನ್ನುತ್ತ ಕೆಳಗೆ ನಿಲ್ಲುತ್ತಿದ್ದವನು ಅವಳ ಗಂಡ.

ನೇರವಾಗಿ ಕೇಳಿಬಿಡಬಹುದಿತ್ತು. ಆದರೆ ಇಡೀ ಜೀವಮಾನ ಒಂದು ಇಟ್ಟಿಗೆಯನ್ನೂ ಕೆಡವದ ಮನುಷ್ಯನಿಗೆ ‘ನಿಮಗೆ ಕಾಣಲ್ವಾ’ ಎಂದು ಕೇಳಿ, ಅದು ಸುಳ್ಳಾಗಿಬಿಟ್ಟರೆ? ಆಮೇಲೆ ಆ ಮನೆಯಲ್ಲಿ ಮುಖ ಎತ್ತಿ ಓಡಾಡುವಂತಿರಲಿಲ್ಲ. ಗೊತ್ತು ಮಾಡಿಕೊಂಡೇ ಬಾಯಿ ಬಿಡಬೇಕು ಎಂದುಕೊಂಡಳು.

ರಜೆಯ ದಿನ ಅವಳೇ ಟಿಕೆಟ್ ತಂದಳು. “ಮಾವ, ಇವತ್ತು ನನ್ನ ಆಯ್ಕೆ. ನಾನೂ ಬರ್ತೀನಿ.”

“ಸೊಸೆ ಕರ್ಕೊಂಡು ಹೋಗ್ತಾಳೆ ಅಂದ್ರೆ ಸುಮ್ನೇನಾ? ನಡಿ” ಎಂದು ಮಾವ ಅಂಗಿ ಬದಲಿಸಿಕೊಂಡು ಹೊರಟೇಬಿಟ್ಟರು. ಅವಳು ಆರಿಸಿದ್ದು ಮಾತೇ ಇಲ್ಲದ ಸಿನಿಮಾ. ಒಬ್ಬ ಮುದುಕ ಗಾಳಿಗೆ ಹಾರಿದ ಟೋಪಿಯನ್ನು ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಾನೆ. ಅಷ್ಟೇ ಕಥೆ. ಹಿಂದೆ ಪಿಯಾನೊ ಒಂದೇ ಸಮನೆ ನುಡಿಯುತ್ತಿರುತ್ತದೆ.

ದೀಪ ಆರಿತು. ಅವಳು ಪರದೆ ನೋಡಲಿಲ್ಲ, ಮಾವನನ್ನು ನೋಡಿದಳು. ಟೋಪಿ ಮೀನಿನ ಬುಟ್ಟಿಗೆ ಬಿದ್ದಾಗ ಜನ ಗೊಳ್ಳೆಂದು ನಕ್ಕರು. ಮಾವನೂ ನಕ್ಕರು, ಆದರೆ ಒಂದು ಉಸಿರು ತಡವಾಗಿ. ಮತ್ತೊಮ್ಮೆ ಜನ ನಕ್ಕರು, ಮಾವ ಮತ್ತೆ ತಡ. ಮುದುಕ ತನ್ನ ಟೋಪಿಯನ್ನು ಬೇರೊಬ್ಬನ ತಲೆಯ ಮೇಲೆ ಕಂಡು ಸುಮ್ಮನೆ ತಿರುಗಿ ನಡೆದಾಗ ಟಾಕೀಸಿಗೆ ಟಾಕೀಸೇ ಮೌನವಾಯಿತು. ಮಾವ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು, ಕತ್ತು ಓರೆ ಮಾಡಿ, ಜನರಿಂದ ಏನಾದರೂ ಸದ್ದು ಬರಲೆಂದು ಕಾಯುತ್ತಿದ್ದರು. ಅವಳಿಗೆ ಎದ್ದು ಓಡಿಹೋಗಬೇಕೆನಿಸಿತು.

ಹೊರಗೆ ಮೆಟ್ಟಿಲ ಮೇಲೆ ನಿಂತು ಫೋನ್ ತೆಗೆದಳು. “ಹೇಳಿ ಮಾವ, ಹಾಕ್ತೀನಿ.”

“ಬರ್ಕೋ. ಮಾತಿಲ್ಲದ ಸಿನಿಮಾ. ಬಾಯಿ ಮುಚ್ಕೊಂಡ್ರೆ ಎಷ್ಟು ಚೆನ್ನಾಗಿರುತ್ತೆ ಅಂತ ಬೇರೆ ಸಿನಿಮಾದೋರು ಇದನ್ನ ನೋಡಿ ಕಲೀಬೇಕು.”

ಸಾಲು ಚೆನ್ನಾಗಿಯೇ ಇತ್ತು. ಅವಳು ಫೋನಿನಿಂದ ಕಣ್ಣೆತ್ತದೆ ಕೇಳಿದಳು. “ಮತ್ತೆ ಆ ನಾಯಿ, ಮಾವ?”

ಮಾವ ಒಂದು ಗಳಿಗೆಯೂ ತಡೆಯಲಿಲ್ಲ. “ಹ್ಞಾಂ, ಅದನ್ನೂ ಸೇರಿಸು. ನಾಯಿಯ ನಟನೆ ನಾಯಕನಿಗಿಂತ ವಾಸಿ.”

ಸಿನಿಮಾದಲ್ಲಿ ನಾಯಿ ಇರಲಿಲ್ಲ. ಸೊಸೆ ಟೈಪ್ ಮಾಡಿದಳು, ಕಳಿಸಲಿಲ್ಲ. ತಂದೆಯಂಥವರನ್ನು ಬೋನಿಗೆ ಬೀಳಿಸಿದ ನಾಚಿಕೆಗೆ ಅವಳ ಕಣ್ಣು ತುಂಬಿತು. ಅವರು ನೋಡಲಾರರೆಂದು ತಿಳಿದೂ ಮುಖ ತಿರುಗಿಸಿಕೊಂಡಳು.

ಸಂಜೆ ಮಾವ ಸ್ನಾನಕ್ಕೆ ಹೋದದ್ದೇ ತಡ, ಅಡುಗೆಮನೆಯಲ್ಲಿ ಗಂಡನನ್ನು ಹಿಡಿದು ನಿಲ್ಲಿಸಿ ಎಲ್ಲ ಹೇಳಿದಳು. ಅವನು ಬೆಚ್ಚಿಬೀಳುತ್ತಾನೆ, ನಂಬದೆ ಜಗಳವಾಡುತ್ತಾನೆ ಎಂದುಕೊಂಡಿದ್ದಳು. ಅವನು ಒಲೆ ಆರಿಸಿದ. ಆಮೇಲೆ ಕೇಳಿದ್ದು ಒಂದೇ ಮಾತು.

“ಯಾರಿಗೆ ಹೇಳಿದೀಯ?”

“ಅಂದ್ರೆ ನಿನಗೆ ಗೊತ್ತಿತ್ತು.”

“ಮೆತ್ತಗೆ ಮಾತಾಡು. ಕಣ್ಣ ನಡುವೆ ಒಂದು ಮಬ್ಬು ಚುಕ್ಕೆ ಅಂತೆ, ಅಂಚು ಕಾಣುತ್ತೆ. ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗಿದ್ದೆ. ಸರಿಹೋಗಲ್ಲ ಅಂದ್ರು.”

“ಸರಿಹೋಗಲ್ಲ ಅಂದ್ಮೇಲೂ ಕ್ರೇನ್ ಹತ್ತಿಸ್ತಿದ್ದೀಯಲ್ಲ!”

“ಅಪ್ಪಂಗೆ ಕೈಯೇ ಕಣ್ಣು ಕಣೇ. ನಾನು ಕೆಳಗಿಂದ ಹೇಳ್ತೀನಿ, ಅವರು ಎತ್ತುತಾರೆ. ಒಂದು ಗೇಣು ಅಂದ್ರೆ ಒಂದೇ ಗೇಣು. ಕಣ್ಣಿರೋರೂ ಹಾಗೆ ಇಳಿಸಲ್ಲ. ಕ್ಯಾಬಿನ್ ಬಿಡಿಸಿದ್ರೆ ಅಪ್ಪ ಉಳೀತಾರಾ? ನೀನೇ ಹೇಳು.”

ಪ್ರೀತಿ ಎಂಬುದು ಮನುಷ್ಯನನ್ನು ಎಷ್ಟು ಪೆದ್ದನನ್ನಾಗಿ ಮಾಡಬಹುದು ಎಂದು ಅವಳಿಗೆ ರೇಗಿಹೋಯಿತು. “ವಾಕಿಟಾಕಿ ಕೈಕೊಟ್ರೆ? ನಿಂಗೆ ಒಂದು ಕೆಮ್ಮು ಬಂದ್ರೆ? ಕೆಳಗೆ ಅಷ್ಟೊಂದು ಜನ ಇರ್ತಾರಲ್ಲೋ!”

“ಯಾರೂ ಇರಲ್ಲ.” ಗಂಡ ಅದನ್ನು ಸಮಾಧಾನದ ಮಾತೆಂಬಂತೆ ಹೇಳಿದ. “ಭಾರ ಇಳಿಯೋವಾಗ ಹುಡುಗರನ್ನೆಲ್ಲ ಬೇಲಿ ಆಚೆ ಕಳಿಸ್ತೀನಿ. ಕೆಳಗೆ ನಿಂತು ತೊಲೆ ಕೂರಿಸೋದು ನಾನೊಬ್ಬನೇ. ಬೇರೆ ಮನೆ ಮಕ್ಕಳನ್ನ ನಿಲ್ಲಿಸ್ತೀನಾ?”

“ನೀನು ಯಾರ ಮನೆ ಮಗ? ನಿನ್ನ ಮೇಲೆ ಬಿದ್ರೆ ಪರವಾಗಿಲ್ವಾ?”

“ಬೀಳಲ್ಲ.”

“ಬಿದ್ರೆ?”

ನಾಳೆ ಬೆಳಿಗ್ಗೆ ದೊಡ್ಡ ತೊಲೆ ಎತ್ತುವುದಿದೆ, ಅದೊಂದು ಮುಗಿಯಲಿ, ಆಮೇಲೆ ನಿಧಾನಕ್ಕೆ ಹೇಳೋಣ ಎಂದು ಗಂಡ ಗೊಣಗಿದ. ಅದೊಂದು ಮುಗಿದರೆ ಇನ್ನೊಂದು ಬರುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

“ತೊಲೆ ಕೆಳಗೇ ನೀನಿರ್ತೀಯಾ?”

ಬಾಗಿಲಲ್ಲಿ ಮಾವ ನಿಂತಿದ್ದರು. ಹೆಗಲ ಮೇಲೆ ಟವೆಲು, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ತೊಲೆಗೆ ಹಗ್ಗ ಕಟ್ಟಿ ದೂರದಿಂದ ಎಳೀತೀವಿ ಅಂದಿದ್ಯಲ್ಲ. ಕೆಳಗೆ ನರಪಿಳ್ಳೆ ಇರಲ್ಲ ಅಂದಿದ್ಯಲ್ಲ.”

“ಅಪ್ಪಾ, ಹಗ್ಗದಲ್ಲಿ ಅಷ್ಟು ಸರಿಯಾಗಿ ಕೂರಲ್ಲ...”

“ಇಷ್ಟು ತಿಂಗಳು ನಾನು ನಿನ್ನ ತಲೆ ಮೇಲೆ ಇಳಿಸ್ತಿದ್ನಾ?”

ಮಾವ ಗೋಡೆ ಹಿಡಿದು ಮುಂದೆ ಬಂದರು. ಮಗನ ಮುಂದೆ ನಿಂತು, ಮುಖ ಓರೆ ಮಾಡಿ, ಕಣ್ಣಂಚಿನಿಂದ ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಕೈಯಿಂದ ಅವನ ತಲೆ, ಹೆಗಲು, ತೋಳು ಸವರಿದರು. ಎಲ್ಲ ನೆಟ್ಟಗಿದೆಯೇ ಎಂದು ಪರೀಕ್ಷೆ ಮಾಡುವವರ ಹಾಗೆ. ಮಗ ಚಿಕ್ಕ ಮಗುವಿನ ಹಾಗೆ ಅಳತೊಡಗಿದ.

“ಇಂಜಿನಿಯರಿಗೆ ಫೋನ್ ಹಚ್ಚಮ್ಮ” ಎಂದರು ಮಾವ.

“ಅಪ್ಪಾ, ಬೇಡ. ನಾಳೆ ಒಂದು ದಿನ. ನಾನೇ ಮಾತಾಡ್ತೀನಿ...”

“ನೀನು ಬಾಯಿ ಮುಚ್ಚು.”

ಜೋರಾಗಿ ಹೇಳಲಿಲ್ಲ. ಆದರೂ ಮಗ ಸುಮ್ಮನಾದ. ಸೊಸೆ ನಂಬರು ಹುಡುಕಿ ಒತ್ತಿ, ಫೋನನ್ನು ಅವರ ಕಿವಿಗೆ ಹಿಡಿದಳು. ಆ ಕಡೆ ಗಂಟೆ ಬಡಿಯುವಷ್ಟು ಹೊತ್ತೂ ಮಾವ ಮಗನ ಮಣಿಕಟ್ಟು ಬಿಡಲಿಲ್ಲ.

“ಸಾರ್, ನಾನು ಕ್ರೇನಿನವನು. ನಾಳೆ ಬೇರೆಯವರನ್ನ ಹತ್ತಿಸಿ. ನನಗೆ ಕಣ್ಣು ಕಾಣಲ್ಲ... ಇಲ್ಲ ಸಾರ್, ಇವತ್ತಿಂದಲ್ಲ. ತುಂಬಾ ದಿನ ಆಯ್ತು.”

ಆ ಕಡೆಯ ದನಿ ಏರಿತು. ಏನು ಕೇಳುತ್ತಿದ್ದಾರೆ ಎಂದು ಅಡುಗೆಮನೆಗೆಲ್ಲ ಸ್ಪಷ್ಟವಾಗಿ ಕೇಳಿಸಿತು. ಕೆಳಗೆ ನಿಂತು ಸನ್ನೆ ಕೊಡುವ ಮಗನಿಗೆ ಇದು ತಿಳಿಯದೆ ಇರುತ್ತದೆಯೇ? ಗಂಡ ಉಸಿರೆಳೆದುಕೊಂಡು ಫೋನಿನ ಕಡೆ ಬಾಗಿದ. ಮಾವ ಹಿಡಿದ ಮಣಿಕಟ್ಟನ್ನು ಬಲವಾಗಿ ಅದುಮಿದರು.

“ಅವನಿಗೆ ಗೊತ್ತಿಲ್ಲ ಸಾರ್. ಮನೇಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಿದ್ರೆ ಅವನು ನನ್ನನ್ನ ಹತ್ತಿಸ್ತಿದ್ನಾ?”