ಮೊದಲ ನೀರಿನ ಫೋಟೊ

"ಈ ಕೈ ಯಾರದು ಮೇಡಂ?" ಎಂದು ದಿವಾಕರ್ ಕೇಳಿದಾಗ ಲಕ್ಷ್ಮೀಪ್ರಿಯಾಗೆ ಉತ್ತರ ಗೊತ್ತಿತ್ತು. ಆದ್ದರಿಂದಲೇ ಅವಳು ನೀರಿನ ಲೋಟ ಕೈಗೆತ್ತಿಕೊಂಡಳು.

ಮೇಜಿನ ಮೇಲೆ ಹರಡಿದ್ದ ಫೋಟೊ ದಿನಪತ್ರಿಕೆಯ ಪುಟದಷ್ಟು ದೊಡ್ಡದಿತ್ತು. ಒಂದು ಪಂಪು, ಅದರಿಂದ ಮೇಲೆದ್ದ ಪೈಪು, ಪೈಪಿನ ಬಾಯಿಂದ ತೊಟ್ಟಿಗೆ ಬೀಳುತ್ತಿರುವ ನೀಲಿ ನೀರು. ಪೈಪಿನ ಮೇಲೆ ಒಂದು ಕೈ. ಮಣಿಕಟ್ಟಿನಿಂದಾಚೆ ಮನುಷ್ಯನಿಲ್ಲ, ಯಾರೋ ಕತ್ತರಿಸಿದ್ದಾರೆ. ಉಂಗುರದ ಬೆರಳು ನಡುಗಿಣ್ಣಿನಲ್ಲಿ ಮುರಿದು ಕಿರುಬೆರಳಿನ ಕಡೆಗೆ ವಾಲಿಕೊಂಡಿತ್ತು.

ದಿವಾಕರ್ ಬೆಳಿಗ್ಗೆ ಹತ್ತಕ್ಕೆ ಬಂದಿದ್ದರು. ಯಾವ ಆಫೀಸು ಎಂದು ಗೇಟಿನಲ್ಲಿ ಕೇಳಿದ್ದಕ್ಕೆ "ಸೆಂಟ್ರಲ್ ಗವರ್ನಮೆಂಟ್" ಎಂದಷ್ಟೇ ಹೇಳಿದ್ದರಂತೆ. ಅವಳ ಹೆಸರು ಕೇಳಿ, ಮನೆಮಾತು ವಿಚಾರಿಸಿ, ತಾನು ದಾವಣಗೆರೆ ಕಡೆಯವನು ಎಂದು ಕನ್ನಡಕ್ಕೆ ಇಳಿದುಬಿಟ್ಟರು. ಕೊಯಮತ್ತೂರಿನ ಈ ಪಂಪು ಕಾರ್ಖಾನೆಯಲ್ಲಿ ಅವಳು ಹನ್ನೊಂದು ವರ್ಷದಿಂದ ಇದ್ದಾಳೆ; ಇಲ್ಲಿ ಕನ್ನಡ ಕೇಳಿದ್ದು ಇದೇ ಮೊದಲು. ಅವಳಿಗೆ ಕನ್ನಡವೆಂದರೆ ಅಡುಗೆಮನೆ, ಅಪ್ಪ, ಏಕಾದಶಿ. ಆ ಮಾತಿನಲ್ಲಿ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಬಂದವರಿಗೂ ಅದು ಗೊತ್ತಿದ್ದಿರಬೇಕು.

ಕಾರ್ಖಾನೆಯಲ್ಲಿ ಒಂದು ಹಳೆಯ ಪದ್ಧತಿ. ಮಾರಿದ ಪಂಪು ಎಲ್ಲೇ ಹೋಗಲಿ, ಅದು ಮೊದಲ ಸಲ ನೀರೆತ್ತುವಾಗ ಕೊಂಡವರು ಒಂದು ಫೋಟೊ ತೆಗೆದು ಕಳಿಸಬೇಕು. ಆ ಫೋಟೊಗಳನ್ನು ಕ್ಯಾಂಟೀನಿನ ಗೋಡೆಗೆ ಹಚ್ಚುತ್ತಾರೆ. ಪೊಳ್ಳಾಚಿಯ ತೆಂಗಿನ ತೋಟ, ಮದುವೆಮನೆಯ ತರಹ ಸಿಂಗರಿಸಿದ ಯಾವುದೋ ಊರಿನ ಬಾವಿ, ನೀರಿಗೆ ಕೈಯೊಡ್ಡಿ ನಗುವ ಹೆಂಗಸರು. ಊಟಕ್ಕೆ ಕೂತವರಿಗೆ ಆ ಗೋಡೆ ಕಂಡರೆ ಒಂದು ತೃಪ್ತಿ.

ಆದರೆ ಸುಮಾರು ವರ್ಷಗಳಿಂದ ಕಾರ್ಖಾನೆ ಬೇರೆ ತರಹದ ಪಂಪನ್ನೂ ಮಾಡುತ್ತಿತ್ತು. ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಸಾಯಪ್ಪಟ್ಟರೈಗಳ ಕೊಳಕು ನೀರಿಗೆಂದು ಹುಟ್ಟಿದ ಪಂಪು ಅದು. ಆಸಿಡ್ಡಿಗೂ ತುಕ್ಕು ಹಿಡಿಯದು, ಒಂದು ಹನಿ ಸೋರದು. ಸೋರಬಾರದ್ದನ್ನು ಮಾಡುವವರಿಗೆ, ಎಂದರೆ ಜನರನ್ನು ಕೊಲ್ಲುವ ಅನಿಲ ಮಾಡುವವರಿಗೂ ಅಂಥದೇ ಬೇಕು. ಹಾಗಾಗಿ ಅದು ದೇಶ ಬಿಡಬೇಕಾದರೆ ದೆಹಲಿಯ ಪರವಾನಗಿ ಬೇಕು. ಅರ್ಜಿ ಹಲವು ಇಲಾಖೆಗಳ ಮೇಜು ಸುತ್ತಿ ಬರುತ್ತದೆ. ಅದರಲ್ಲಿ ಒಂದೆರಡು ಇಲಾಖೆಗಳ ಜನ ತಮ್ಮ ಗುರುತು ಹೇಳಿಕೊಳ್ಳುವುದಿಲ್ಲ. ಪಂಪು ಹೇಳಿದ ಜಾಗಕ್ಕೇ ಹೋಗಿ ಕೂತಿದೆ ಎಂದು ಆಮೇಲೆ ಬರೆದು ತಿಳಿಸಬೇಕು. ಬರೆಯುವ ಕೆಲಸ ಲಕ್ಷ್ಮೀಪ್ರಿಯಾಳದು.

ಎಂಟು ತಿಂಗಳ ಹಿಂದೆ ಇಪ್ಪತ್ತನಾಲ್ಕು ಪಂಪು ಕೊಲ್ಲಿ ದೇಶದ ಒಬ್ಬ ವ್ಯಾಪಾರಿಗೆ ಹೋಗಿದ್ದವು. ಅಲ್ಲಿನ ಬಣ್ಣದ ಕಾರ್ಖಾನೆಗೆ ಎಂದು ಅವನು ಬರೆದುಕೊಟ್ಟಿದ್ದ. ಅವಳು ಮೂರು ಸಲ ಕೇಳಿದ ಮೇಲೆ, ವರದಿ ಕಳಿಸುವ ಕೊನೆಯ ದಿನ, ಅವಳ ಮೊಬೈಲಿಗೆ ಒಂದು ಫೋಟೊ ಬಂತು. ಅಂಚೆಚೀಟಿಯಷ್ಟು ಸಣ್ಣದು. ಬೆರಳಿಂದ ಎಳೆದು ದೊಡ್ಡದು ಮಾಡಬೇಕು ಎಂದು ಅವತ್ತು ಅನ್ನಿಸಿತ್ತು. ಮಾಡಲಿಲ್ಲ. ನೀರು ಬೀಳುತ್ತಿದೆಯಲ್ಲ, ಸಾಕು. ಒಂದು ಪ್ರತಿ ಗೋಡೆಗೆ ಹಚ್ಚಿದಳು, ಇನ್ನೊಂದನ್ನು ವರದಿಗೆ ಸೇರಿಸಿ, "ಪರಿಶೀಲಿಸಿದ್ದೇನೆ" ಎಂದು ಸಹಿ ಹಾಕಿದಳು. ದೇಶದ ಕಾವಲಿನ ಕಾಗದಕ್ಕೆ ಕ್ಯಾಂಟೀನಿನ ಗೋಡೆಯ ನಂಬಿಕೆ ಸಾಕಾಗುತ್ತದೆ ಎಂದುಕೊಂಡಿದ್ದು ಅವಳೊಬ್ಬಳ ತಪ್ಪೇನಲ್ಲ. ಸಹಿ ಮಾತ್ರ ಅವಳೊಬ್ಬಳದೇ.

"ಆ ಊರಲ್ಲಿ ಬಣ್ಣದ ಕಾರ್ಖಾನೆನೇ ಇಲ್ಲ," ಎಂದರು ದಿವಾಕರ್. "ಒಂದು ಗೋಡೌನಿದೆ. ಬೀಗ ಹಾಕಿದೆ. ಫೋಟೊ ಎಲ್ಲಿ ತೆಗೆದಿದ್ದು ಅಂತ ಗೊತ್ತಾದ್ರೆ ಅವನು ಸುಳ್ಳು ಹೇಳಿದಾನೆ ಅಂತ ಖಚಿತವಾಗತ್ತೆ. ಆಮೇಲೆ ಮುಂದಿನದು ನಿಲ್ಲಿಸಬಹುದು."

ಮುಂದಿನದು ಎಂದರೆ ಅದೇ ವ್ಯಾಪಾರಿಗೆ ಹೋಗಬೇಕಾದ ಅರವತ್ತು ಪಂಪು. ಮರದ ಪೆಟ್ಟಿಗೆಗಳಲ್ಲಿ ತುಂಬಿ, ಮೊಳೆ ಹೊಡೆದು, ಶೆಡ್ಡಿನಲ್ಲಿ ಇಟ್ಟಾಗಿತ್ತು.

ಮ್ಯಾನೇಜರ್ ಹರಿಹರನ್ ಪಕ್ಕದಲ್ಲೇ ಕೂತಿದ್ದರು. ಕನ್ನಡ ಬರದು, ಆದರೆ ಮುಖ ಓದಲು ಬರುತ್ತಿತ್ತು. ಆಚೆ ಬಾ ಎಂದು ಕಣ್ಣಲ್ಲೇ ಕರೆದು, ವರಾಂಡದಲ್ಲಿ ತಮಿಳಿನಲ್ಲಿ ಪಿಸುಗುಟ್ಟಿದರು. "ಕೇಳಮ್ಮಾ. ಪಂಪು ನಮ್ಮದು, ಕೈ ಯಾರದೋ ತೆರಿಯಾದು, ಅಷ್ಟೇ ಹೇಳು. ಗೊತ್ತಿಲ್ಲ ಅನ್ನೋದು ತಪ್ಪಲ್ಲ. ಗೊತ್ತು ಅಂದೆಯೋ, ನೋಡದೆ ಸಹಿ ಹಾಕಿದೆ ಅಂತ ನೀನೇ ಒಪ್ಪಿಕೊಂಡ ಹಾಗೆ. ಆಮೇಲೆ ನಿನ್ನನ್ನು ಇಟ್ಟುಕೊಳ್ಳೋದು ನನ್ನ ಕೈಯಲ್ಲಿ ಇರಲ್ಲ."

ಬೆದರಿಕೆಯ ದನಿಯೇನಲ್ಲ ಅದು. ಅವರಿಗೂ ಭಯವಾಗಿತ್ತು, ಪಾಪ. ಲಕ್ಷ್ಮೀಪ್ರಿಯಾ ಕಿಟಕಿಯಿಂದ ಶೆಡ್ಡಿನ ಕಡೆ ನೋಡಿದಳು. ಪೆಟ್ಟಿಗೆಗಳಿಗೆ ಆಗಲೇ ಕುಂಕುಮ ಇಟ್ಟಿದ್ದರು. ಅವಳು ಕೆಲಸಕ್ಕೆ ಸೇರಿದ ದಿನ, ಇದೇ ಶೆಡ್ಡಿನಲ್ಲಿ ಮೂವತ್ತೆರಡು ವರ್ಷ ಪಂಪು ಪರೀಕ್ಷೆ ಮಾಡಿದ್ದ ಅಪ್ಪ ಒಂದೇ ಒಂದು ಬುದ್ಧಿ ಹೇಳಿದ್ದರು: "ಕೈ ಇಟ್ಟು ನೋಡ್ದೆ ಸೈನ್ ಹಾಕ್ಬೇಡಮ್ಮಾ."

ಅವಳು ಒಳಗೆ ಬಂದು ಕೂತಳು. ನೀರಿನ ಲೋಟ ಪಕ್ಕಕ್ಕೆ ಸರಿಸಿದಳು.

"ನಮ್ಮಪ್ಪನ ಕೈ ಸಾರ್," ಎಂದಳು. "ತಿರುಪ್ಪೂರಲ್ಲಿ ತೆಗ್ದಿದ್ದು. ಹಳೇ ಬ್ರೋಷರಲ್ಲಿ ಹಾಕಿದ್ವಿ. ಆ ವ್ಯಾಪಾರಿ ಅದನ್ನೇ ಎತ್ತಿ ನಮ್ಗೇ ಕಳಿಸಿದಾನೆ. ನಾನ್ ಅವತ್ತು ಸರಿಯಾಗಿ ನೋಡ್ಲಿಲ್ಲ."

ದಿವಾಕರ್ ಪೆನ್ನು ತೆಗೆದರು. "ಹೇಳಿಕೆ ಕನ್ನಡದಲ್ಲೇ ಬರೆಯೋಣ್ವಾ?"

"ಓದಕ್ಕೆ ಬರಲ್ಲ ಸಾರ್. ಮಾತು ಮಾತ್ರ."

ಇಂಗ್ಲಿಷಿನಲ್ಲಿ ಬರೆದದ್ದನ್ನು ಈ ಸಲ ಅವಳು ಒಂದೊಂದು ಸಾಲೂ ಎರಡೆರಡು ಸಲ ಓದಿ ಸಹಿ ಹಾಕಿದಳು. ಹರಿಹರನ್ ಎದ್ದುಹೋದರು. ಅರ್ಧ ಗಂಟೆಯಲ್ಲಿ ಅವಳ ಮೇಜಿನ ಕೀಲಿಕೈ ಕೇಳಿಕೊಂಡು ಆಫೀಸಿನ ನಿತ್ಯಾ ಬಂದಳು. ಕೇಳುವಾಗ ಮುಖ ನೋಡಲಿಲ್ಲ.

ಕೈ ಹೋಲಿಸಿ ನೋಡಬೇಕು ಎಂದು ದಿವಾಕರ್ ಅವಳ ಜೊತೆಗೇ ಮನೆಗೆ ಬಂದರು. ಮಧ್ಯಾಹ್ನ ಮೂರರ ಬಿಸಿಲು. ಅವಳ ಅಪ್ಪ ನಾರಾಯಣ ರಾಯರು ಹೆಗಲ ಮೇಲೆ ಟವೆಲು ಹಾಕಿಕೊಂಡು ಒಲೆಯ ಮೇಲೆ ಕಾಫಿಗೆ ಹಾಲಿಟ್ಟು ಊಟದ ಮೇಜಿನ ಹತ್ತಿರ ಕಾಯುತ್ತಿದ್ದರು. ಕನ್ನಡ ಮಾತಾಡುವ ಅತಿಥಿಯನ್ನು ಕಂಡು ಅವರಿಗೆ ಹಬ್ಬವಾಯಿತು. ಫೋಟೊ ಬಿಚ್ಚಿದ ಕೂಡಲೇ ಗುರುತಿಸಿದರು, ಕನ್ನಡಕ ಹುಡುಕಲೂ ಇಲ್ಲ.

"ಅಡಡೆ! ಇದು ತಿರುಪ್ಪೂರ್ ಸಾಯಪ್ಪಟ್ಟರೈ ಅಲ್ವಾ? ನನ್ ಕೈ ಸಾರ್ ಇದು. ಈ ಬೆರಳು ನೋಡಿ, ಟೆಸ್ಟಿಂಗಲ್ಲಿ ಸಿಕ್ಕಿ ನಸುಂಗಿ ಹೋಯ್ತು. ನಾನ್ ಯಾವಾಗ್ಲೂ ಕೈ ಇಟ್ಟೇ ನೋಡೋದು. ಪಂಪ್ ಸರಿಯಾಗಿದೆಯಾ ಅಂತ ಮೀಟರ್ ಅಪ್ಪುರಂ ಹೇಳತ್ತೆ, ಕೈ ಮುಂಚೆ ಹೇಳತ್ತೆ. ಇಷ್ಟ್ ದೊಡ್ಡದಾಗಿ ಯಾರ್ ಮಾಡ್ಸಿದ್ದು?"

"ಅಪ್ಪಾ," ಎಂದಳು ಲಕ್ಷ್ಮೀಪ್ರಿಯಾ. ಅಳಬಾರದು ಎಂದುಕೊಂಡಿದ್ದಳು, ಆಗಲಿಲ್ಲ. "ಪಂಪು ಎಲ್ಗೋ ಹೋಗಿದೆ. ಇದನ್ನ ತೋರ್ಸಿ, ಸುಳ್ ಹೇಳಿ, ತಗೊಂಡವ್ರು ನಮ್ಮನ್ನ ಏಮಾತ್ಬಿಟ್ರು. ನಾನ್ ಸರಿಯಾಗಿ ನೋಡ್ದೆ ಸೈನ್ ಹಾಕ್ಬಿಟ್ಟೆ."

ರಾಯರು ಮಗಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ದಿವಾಕರ್ ಮೇಜಿನ ಮೇಲೆ ಒಂದು ಬಿಳಿ ಹಾಳೆ ಹಾಸಿ, ಮೊಬೈಲಿನ ಕ್ಯಾಮೆರಾ ತೆರೆದರು. ರಾಯರು ಹಾಳೆಯ ಮೇಲೆ ಕೈಯಿಟ್ಟರು. ಕೈ ಚಪ್ಪಟೆ ಕೂರಲಿಲ್ಲ. ಬೆರಳುಗಳು ತಾವಾಗಿಯೇ ಬಾಗಿ, ಪೈಪೊಂದನ್ನು ಹಿಡಿದ ಹಾಗೆ ನಿಂತವು.

"ಸ್ವಲ್ಪ ಬಿಡಿಸಿ ಇಡಿ ರಾಯರೇ."

ಅವರು ಬಿಡಿಸಿ ಇಟ್ಟರು. ಫೋಟೊ ತೆಗೆದಾಯಿತು. ಕೈ ಅಲ್ಲೇ ಇತ್ತು.

"ಆ ಪಂಪು ಈಗ ಏನ್ ಎತ್ತುತ್ತಾ ಇದೆ ಸಾರ್?"

ದಿವಾಕರ್ ದೊಡ್ಡ ಫೋಟೊವನ್ನು ಸುರುಳಿ ಸುತ್ತತೊಡಗಿದರು. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿದರು. ಇನ್ನೂ ಒಂದು ಹಾಕಿದರು.

"ನೀರ್ ತಾನೇ?" ಎಂದರು ರಾಯರು.

ಒಳಗೆ ಹಾಲು ಉಕ್ಕುವ ಸದ್ದಾಯಿತು. ಯಾರೂ ಏಳಲಿಲ್ಲ. ನಾರಾಯಣ ರಾಯರು ಕೈಯನ್ನು ಮೆಲ್ಲಗೆ ಮೇಜಿನಿಂದ ಎಳೆದುಕೊಂಡು, ಹೆಗಲ ಟವೆಲನ್ನು ತೊಡೆಯ ಮೇಲೆ ಹಾಕಿ, ಅದರೊಳಗೆ ಮುಚ್ಚಿಟ್ಟುಕೊಂಡರು.