ರಾಜಕುಮಾರಿಯ ಕಲ್ಲು

"ಕೆಳಗಿಳಿಸಿ," ಎಂದಳು ಈಫಿ, ಗಂಡನ ಶವಪೆಟ್ಟಿಗೆಗೆ ಅಡ್ಡ ನಿಂತು.

ಹೊತ್ತವರು ಮುಖ ಮುಖ ನೋಡಿಕೊಂಡು ಪೆಟ್ಟಿಗೆಯನ್ನು ಸ್ಮಶಾನದ ಗೋಡೆಯ ಬಳಿ ಇಟ್ಟರು. ಗೋಡೆಯ ಒಳಗೆ ಗುಂಡಿ ಸಿದ್ಧವಾಗಿತ್ತು. ಅವಳು ತೋರಿಸಿದ್ದು ಹೊರಗೆ, ಸಮುದ್ರದ ಕಡೆಗಿದ್ದ ಬಿಳಿ ಕಲ್ಲಿನ ಪಕ್ಕವನ್ನು.

"ನಿಮ್ಮ ದೊಡ್ಡಪ್ಪನ್ನ ಅಲ್ಲೇ ಮಣ್ಣು ಮಾಡ್ಬೇಕು ಫಿನ್ಲೇ."

ಪ್ರವಾಸಿಗರ ದೋಣಿ ನಡೆಸುವ ಫಿನ್ಲೇ ಹತ್ತಿರ ಬಂದು ದನಿ ತಗ್ಗಿಸಿದ. "ದೊಡ್ಡಮ್ಮ, ತಲೆ ನೆಟ್ಟಗಿದೆಯಾ? ಅದು ರಾಜಕುಮಾರಿ ಗೋರಿ. ಅಲ್ಲಿ ಅಗೆದ್ರೆ ಊರ ಹೊಟ್ಟೆ ಮೇಲೆ ಹೊಡ್ದಂಗೆ."

"ಅಗೆದ್ರೆ ಏನಾಗುತ್ತೆ?"

"ಏನೂ ಸಿಗಲ್ಲ, ಅದೇ ಆಗೋದು. ದೊಡ್ಡಪ್ಪ ಬಿಟ್ಟ ಓಳು ಅದು, ನಂಗೊತ್ತಿಲ್ವಾ? ಬರೀ ಮಣ್ಣು ಅಂತ ಗೊತ್ತಾದ್ರೆ ನಾಳೆಯಿಂದ ದೋಣಿ ಹತ್ತೋರು ಯಾರು?"

"ಬರೀ ಮಣ್ಣಲ್ಲ ಕಣೋ."

"ಮಳೆ ಬರೋ ಹಂಗಿದೆ, ಬೇಗ ತೀರ್ಮಾನ ಮಾಡಿ," ಎಂದು ಹೊತ್ತವರಲ್ಲೊಬ್ಬ ಗೊಣಗಿದ.

*

ಬಹಳ ಹಿಂದೆ ಈಫಿ ಹೆತ್ತ ಮಗು ಅಳಲೇ ಇಲ್ಲ. ದೀಕ್ಷಾಸ್ನಾನವಾಗದ ಮಕ್ಕಳಿಗೆ ಆಗ ಗೋಡೆಯೊಳಗೆ ಜಾಗವಿರಲಿಲ್ಲ, ಹೆಸರೂ ಇರಲಿಲ್ಲ. ಗಂಡ ಲಾಕ್ಲನ್ ಅದನ್ನು ಚಹಾ ಪೆಟ್ಟಿಗೆಯಲ್ಲಿಟ್ಟು ಒಬ್ಬನೇ ಹೊತ್ತುಕೊಂಡು ಹೋದ. ಗುರುತಿಗೊಂದು ಬಿಳಿ ಕಲ್ಲು ನಿಲ್ಲಿಸಿದ. ಊರವರು ಕೇಳಲಿಲ್ಲ, ಇವರೂ ಹೇಳಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಪ್ರವಾಸಿಗರು ಬರತೊಡಗಿದರು. ಒಬ್ಬ ಆ ಕಲ್ಲಿಗೆ ಒರಗಿ ಬುತ್ತಿ ಬಿಚ್ಚಿದ್ದ. ಲಾಕ್ಲನ್‌ಗೆ ತಡೆಯಲಾಗಲಿಲ್ಲ.

"ಏಳ್ರೀ ಮೇಲೆ. ಸಾವಿರ ವರ್ಷ ಹಳೇ ವೈಕಿಂಗ್ ರಾಜಕುಮಾರಿ ಗೋರಿ ಅದು," ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. ಆತ ಎದ್ದು ಟೋಪಿ ತೆಗೆದ. ಮರುವಾರ ಯಾರೋ ಹೂ ಇಟ್ಟರು.

"ಮಗುಗೆ ಹೂ ಬಂತು ಕಣೆ," ಎಂದು ಲಾಕ್ಲನ್ ಅಡುಗೆಮನೆಯಲ್ಲಿ ಕೂತು ಅತ್ತ. ಆಮೇಲೆ ಕತೆಗೆ ತಾನಾಗಿಯೇ ರೆಕ್ಕೆಪುಕ್ಕ ಬಂತು, ಊರಿಗೆ ಅನ್ನವೂ ಬಂತು.

*

ಈಫಿ ಅದನ್ನೆಲ್ಲ ಎಲ್ಲರಿಗೂ ಕೇಳುವಂತೆ ಹೇಳಿ ಮುಗಿಸಿದಳು.

"ರಾಜಕುಮಾರಿನ ನೀನೇ ಇಟ್ಕೋ ಫಿನ್ಲೇ, ಎಷ್ಟು ವರ್ಷ ಬೇಕಾದ್ರೂ ಇಟ್ಕೋ," ಎಂದಳು. "ನನ್ನ ಮಗು ಪಕ್ಕ ಅವರನ್ನ ಮಲಗಿಸೋಕೆ ಮಾತ್ರ ಬಿಡು."

ಫಿನ್ಲೇ ಕೋಟು ಬಿಚ್ಚಿ, ಗೋಡೆಗೆ ಒರಗಿಸಿದ್ದ ಸಲಿಕೆ ತಾನೇ ಎತ್ತಿಕೊಂಡ. ಉಳಿದವರೂ ಕೈ ಹಚ್ಚಿದರು.

ಆ ಊರಲ್ಲಿ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ತಲೆಯ ಕಡೆಯ ಹಗ್ಗ ಹಿಡಿಯುವುದು ಹಿರಿಯ ಮಗುವಿನ ಹಕ್ಕು. ಮಕ್ಕಳಿಲ್ಲದ ಮನೆಯೆಂದು ಅದನ್ನು ಫಿನ್ಲೇಯ ಕೈಗೆ ಕೊಟ್ಟರು. "ಮಗು ಇದೆಯಲ್ಲ," ಎಂದು ಅವನು ಹಗ್ಗ ಹಿಡಿದುಕೊಂಡು ಎರಡು ಹೆಜ್ಜೆ ನಡೆದ. ಬಿಳಿ ಕಲ್ಲಿಗೆ ಅದನ್ನು ಒಂದು ಸುತ್ತು ಹಾಕಿ, ಕಲ್ಲಿನ ಹಿಂದೆ ಮಂಡಿಯೂರಿ ನಿಧಾನಕ್ಕೆ ಸಡಿಲ ಬಿಡತೊಡಗಿದ. ಪೆಟ್ಟಿಗೆಯ ಭಾರಕ್ಕೆ ಹಗ್ಗ ಕಲ್ಲಿನ ಮೈಗೆ ಬಿಗಿಯಾಯಿತು.