ಸಾಯಲೊಲ್ಲದ ರಾಕ್ಷಸ

ಯಲಬುರ್ಗಾದ ನಾಟಕ ಮಂಡಳಿಯಲ್ಲಿ ಹಂಪಣ್ಣ ವರ್ಷಗಟ್ಟಲೆ ಈಟಿ ಹಿಡಿದು ಬಾಗಿಲು ಕಾದ. ಕಾವಲುಗಾರನ ಪಾತ್ರಕ್ಕೆ ಮಾತೆಲ್ಲಿ? ಹೆಂಡತಿ ಶಿವಬಸಮ್ಮ ಪ್ರತಿ ನಾಟಕಕ್ಕೂ ಬಂದು, ಗೋಡೆಗೆ ಆನಿಸಿಟ್ಟ ಒನಕೆಯಂತೆ ನಿಂತ ಗಂಡನನ್ನು ನೋಡಿ, ಸುಮ್ಮನೆ ಎದ್ದು ಮನೆಗೆ ಹೋಗುತ್ತಿದ್ದಳು. ಎರಡನೇ ಜರ್ಮನಿ ಯುದ್ಧ ನಡೆದಿದ್ದಾಗ ಒಂದು ವರ್ಷ ದೇವರು ಕಣ್ಣು ಬಿಟ್ಟ. ರಾಕ್ಷಸನನ್ನು ಕೊಲ್ಲುವ ರಾಜನ ಪಾತ್ರ ಹಂಪಣ್ಣನಿಗೇ ಬಂತು! ಒಮ್ಮೆಯಾದರೂ ಹೆಂಡತಿಯ ಎದುರು ಗೆಲ್ಲಬೇಕು, ಅಷ್ಟೇ ಅವನ ಆಸೆ.

ಅಡ್ಡ ಬಂದದ್ದು ಶಾಮೀದಸಾಬನ ಕ್ಲಾರಿನೆಟ್. ಸಿಕಂದರಾಬಾದಿನ ದಂಡಿನಲ್ಲಿ ಗೋರಾ ಸಾಹೇಬರ ಕುಣಿತಕ್ಕೆ ಜಾಝ್ ಊದಿ ಬಂದು ಮಂಡಳಿ ಸೇರಿದವನು ಅವನು. ಮಂಡಳಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಮಾಸ್ತರ ಉಮಾಪತಿಯೋ ಅಪ್ಪಟ ಹಿಂದುಸ್ತಾನಿ ಸಂಗೀತದವನು. ಇಬ್ಬರೂ ಮನಸಾರೆ ಜಗಳಾಡಿ, ಕೊನೆಗೆ ಚಹಾ ಕುಡಿದು ಒಂದು ಏರ್ಪಾಟಿಗೆ ಬಂದರು. ರಾಜನಿಗೆ ಪೇಟಿಯಲ್ಲಿ ಅಡಾಣಾ ರಾಗ, ರಾಕ್ಷಸನಿಗೆ ಕ್ಲಾರಿನೆಟ್ಟಿನ ಜಾಝ್. ಯುದ್ಧದಲ್ಲಿ ಎರಡೂ ಸೆಣಸಬೇಕು; ಜಾಝ್ ಸೋತು ಅಡಾಣಾದೊಳಗೆ ಕರಗಿ ನಿಂತಾಗ ರಾಕ್ಷಸ ಬೀಳಬೇಕು. ರಾಕ್ಷಸನ ವೇಷದ ಗೋಣೆಪ್ಪನಿಗೆ ರಾಗವೂ ತಿಳಿಯದು, ತಾಳವೂ ತಿಳಿಯದು. ಕ್ಲಾರಿನೆಟ್ ನಿಲ್ಲುವ ತನಕ ಸಾಯಲೇಬೇಡ ಎಂದು ಮಾಸ್ತರ ಅವನಿಗೆ ತಾಕೀತು ಮಾಡಿದ್ದ.

ನಾಟಕದ ದಿನ ಹಂಪಣ್ಣ ಗದೆ ಎತ್ತಿದ. ಜಾಝ್ ಕೇಳಿ ಜನ ಸಿಳ್ಳೆ ಹೊಡೆದರು. ಅಷ್ಟು ಸಾಕಾಯಿತು ನೋಡಿ, ಶಾಮೀದಸಾಬ ಕಣ್ಣು ಮುಚ್ಚಿ ಊದತೊಡಗಿದ. ಅವನಿಗೆ ಯಲಬುರ್ಗಾವೂ ಇಲ್ಲ, ಅಡಾಣಾವೂ ಇಲ್ಲ. ಹಂಪಣ್ಣ ಎದೆಗೆ ಹೊಡೆದ, ತಲೆಗೆ ಹೊಡೆದ. ಗದೆಯ ಬಣ್ಣದ ಕಾಗದ ಕಿತ್ತುಹೋಗಿ ಒಳಗಿನ ಹುಲ್ಲು ಹೊರಬಂತು. ರಾಕ್ಷಸ ಸೊಂಟ ಬಳುಕಿಸುತ್ತಲೇ ಇದ್ದ.

“ಸಾಯ್ ಲೇ ಮಾರಾಯಾ, ಹೇಣ್ತಿ ನೋಡಾಕತ್ಯಾಳ,” ಎಂದು ಹಂಪಣ್ಣ ಹಲ್ಲು ಕಚ್ಚಿ ಪಿಸುಗುಟ್ಟಿದ.

“ನಾ ಏನ್ ಮಾಡ್ಲಿ? ಅಂವ ನಿಲ್ಲಸವಲ್ಲ,” ಎಂದ ಗೋಣೆಪ್ಪ.

ಉಮಾಪತಿ ಪೇಟಿಯನ್ನು ಎಷ್ಟು ಒತ್ತಿದರೂ ಕ್ಲಾರಿನೆಟ್ ಹತೋಟಿಗೆ ಬರಲಿಲ್ಲ. ಬರಬರುತ್ತ ಅವನ ಅಡಾಣಾವೇ ಜಾಝಿನ ಬೆನ್ನು ಹತ್ತಿ ಓಡತೊಡಗಿತು. ಮನುಷ್ಯನ ಕಾಲು ಯಾರ ಮಾತು ಕೇಳುತ್ತದೆ? ಏದುಸಿರು ಬಿಡುತ್ತಿದ್ದ ರಾಜನ ಕಾಲುಗಳೂ ತಾಳ ಹಿಡಿದವು. ಹಂಪಣ್ಣನಿಗೆ ಅಳುವೂ ಬಂತು, ನಗುವೂ ಬಂತು. ಸುಡುಗಾಡು ಗದೆ ಎಂದು ಅದನ್ನು ಬಿಸಾಕಿ, ರಾಕ್ಷಸನ ಕೈ ಹಿಡಿದು ಕುಣಿದೇಬಿಟ್ಟ.

ಜನರ ಕೂಗಿಗೆ ಶಾಮೀದಸಾಬ ಕಣ್ಣು ತೆರೆದ. ಕುಣಿಯುವ ರಾಜನನ್ನು ಕಂಡು ಅವನಿಗೆ ನಗು ತಡೆಯಲಾಗಲಿಲ್ಲ. ನಗುವವನು ಊದುವುದು ಹೇಗೆ? ಕ್ಲಾರಿನೆಟ್ ನಿಂತಿತು. ಗೋಣೆಪ್ಪ ಆ ಕ್ಷಣವೇ, ಯಾರೂ ಹೊಡೆಯದೆ, ದೊಪ್ಪನೆ ಬಿದ್ದು ಸತ್ತ.

ಮನೆಯ ದಾರಿಯಲ್ಲಿ ಹಂಪಣ್ಣ ತಲೆ ಎತ್ತಲಿಲ್ಲ. ಇದ್ದ ಮಾನವೂ ಹೋಯಿತು, ಇನ್ನು ನಾಟಕದ ಹೆಸರೆತ್ತುವುದಿಲ್ಲ ಎಂದು ಗೊಣಗಿದ. ಶಿವಬಸಮ್ಮ ಅವನನ್ನು ನಿಲ್ಲಿಸಿ, ಸೆರಗಿನಿಂದ ಮುಖದ ಬಣ್ಣ ಒರೆಸಿದಳು.

“ಹೊಡದು ಕೊಲ್ಲೂ ರಾಜರನ್ನ ಭಾಳ ನೋಡೇನ್ರಿ,” ಎಂದಳು. “ಕೈ ಹಿಡದು ಕುಣದು ಕೊಂದಾವ್ರು ನೀವೊಬ್ರ. ನಡ್ರಿ, ಮನ್ಯಾಗ ಆ ಕುಣಿತ ನನಗೂ ಕಲಸ್ರಿ.”